ಸೆರೆಗೆ ಹೋಗುವ ಸಂಪಾದಕ

ಈಗಲೇ ಎದ್ದು ನಿಂತು, ಆ ಲೇಖನ ನನ್ನದು ಎಂದುಬಿಟ್ಟರೆ? ಆದರೆ ಅರ್ಧಕ್ಕೆ ನಿಂತಿರುವ ಫ್ರೆಂಚ್ ಪುಸ್ತಕದ ಅನುವಾದ ಮುಗಿಸುವವರು ಯಾರು? ದೇಶಕ್ಕೆ ಜನರೇ ಒಡೆಯರು ಎಂದು ಟೋಕಿಯೋದಲ್ಲಿ ಇನ್ನು ಯಾರು ಹೇಳುತ್ತಾರೆ? ಅಥವಾ ಇವೆಲ್ಲ ನೆಪಗಳೋ? ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕೂತಿದ್ದ ಅರಿಮೋರಿಗೆ ಕಾಲೇಳಲಿಲ್ಲ.

ಕಟಕಟೆಯಲ್ಲಿ ಟೊಕುಜೊ ಕೆಮ್ಮುತ್ತ ನಿಂತಿದ್ದ. ಹಿಂದೆ ಹೊಗೆಸೊಪ್ಪು ಹೆಚ್ಚುತ್ತಿದ್ದವನು. ಈಗ ಅರಿಮೋರಿಯ ಪತ್ರಿಕೆಯಲ್ಲಿ ‘ಸಂಪಾದಕ’ ಎಂದು ಅಚ್ಚಾಗುವ ಹೆಸರು ಅವನದು. ಸರ್ಕಾರವನ್ನು ಬೈದರೆ ಕಾನೂನು ಹಿಡಿಯುವುದು ಆ ಹೆಸರನ್ನು. ಅದಕ್ಕೇ ಪತ್ರಿಕೆಗಳು ಸೆರೆಗೆ ಹೋಗಲೆಂದೇ ಒಬ್ಬನನ್ನು ಇಟ್ಟುಕೊಳ್ಳುತ್ತಿದ್ದವು. ಟೊಕುಜೊಗೆ ಇದು ಮೂರನೆಯ ಸಲ.

“ಇದನ್ನ ಬರೆದವನು ನೀನೇನೊ?” ಎಂದ ನ್ಯಾಯಾಧೀಶ.

“ಹೌದು ಸ್ವಾಮಿ.”

“ಎಲ್ಲಿ, ಮೊದಲನೇ ಸಾಲು ಓದು ನೋಡೋಣ.”

ಟೊಕುಜೊ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದ. “ಬರೆಯೋದಷ್ಟೇ ನನ್ನ ಕೆಲ್ಸ ಸ್ವಾಮಿ. ಓದೋದು ನಿಮ್ದು.”

ಎಲ್ಲರೂ ನಕ್ಕರು. ನ್ಯಾಯಾಧೀಶನೂ ನಕ್ಕ. ನಕ್ಕವನೇ ಹತ್ತು ತಿಂಗಳ ಶಿಕ್ಷೆ ಬರೆದ.

ಅರಿಮೋರಿಯ ಮೈ ಉರಿಯಿತು. ಇವನಿಗೆ ಅಕ್ಷರವೇ ಬಾರದೆಂದು ಕಣ್ಣಾರೆ ಕಂಡ ಮೇಲೂ ಶಿಕ್ಷೆ! ಇವರಿಗೆ ಬೇಕಾದದ್ದು ಅಪರಾಧಿಯಲ್ಲ, ಒಳಗೆ ತಳ್ಳಲು ಒಂದು ದೇಹ. ಅವನು ಮುಷ್ಟಿ ಬಿಗಿದು, ಕೂತೇ ಇದ್ದ.

ಹೊರಗೆ ಟೊಕುಜೊನ ಹೆಂಡತಿ ಒತೊಸೆ ಕಾಯುತ್ತಿದ್ದಳು.

“ಹತ್ತು ತಿಂಗಳು,” ಎಂದ ಅರಿಮೋರಿ. “ನಾಚಿಕೆಗೆಟ್ಟ ಕಾನೂನು, ಒತೊಸೆ!”

“ಕಾನೂನಿಗೆ ನಮ್ಮನೆಯವರ ಮುಖ ಗೊತ್ತಿಲ್ಲ ಗುರುಗಳೇ. ನಿಮಗೆ ಗೊತ್ತಲ್ಲ? ಹೋದ್ಸಲ ರಕ್ತ ಕಾರ್ಕೊಂಡು ಬಂದ್ರು. ಈ ಚಳಿಗಾಲ ದಾಟ್ತಾರಾ?”

“ಮೇಲ್ಮನವಿ ಹಾಕೋಣ...”

“ಎಲ್ಲಾರೂ ಒಂದೇ ಅಂತ ಬರೀತೀರಂತಲ್ಲ? ಹಂಗಾದ್ರೆ ಒಂದ್ಸಲ ನೀವೇ ಹೋಗ್ಬನ್ನಿ. ಅನ್ನ ನಾನು ತಂದ್ಕೊಡ್ತೀನಿ, ಮೂಲಂಗಿ ಉಪ್ಪಿನಕಾಯಿ ಸಮೇತ.”

ಅವಳು ತಿರುಗಿ ನಡೆದಳು.

ನಿರಪರಾಧಿಗಳನ್ನು ಶಿಕ್ಷಿಸುವ ರಾಜ್ಯದ ಬಗ್ಗೆ ಅರಿಮೋರಿ ಮರುದಿನವೇ ಬೆಂಕಿಯಂಥ ಲೇಖನ ಬರೆದ. ಅದರ ಜೊತೆ ಸಂಪಾದಕನೆಂದು ಅಚ್ಚಾದದ್ದು ಒಬ್ಬ ಚಪ್ಪಲಿ ಹೊಲಿಯುವವನ ಹೆಸರು.

ಟೊಕುಜೊ ಫೆಬ್ರವರಿಯಲ್ಲಿ ಸೆರೆಮನೆಯಲ್ಲೇ ಸತ್ತ. ಸಮಾಧಿಯ ಬಳಿ ಅರಿಮೋರಿ ಒಂದು ಗಂಟೆ ಮಾತಾಡಿದ, ಮಂತ್ರಿಗಳನ್ನು ಹೆಸರು ಹಿಡಿದು ಬೈದ. ಅವನ ಪತ್ರಿಕೆ ಓದುತ್ತಿದ್ದ ವಿದ್ಯಾರ್ಥಿಗಳು ಅತ್ತರು. ಒತೊಸೆ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.

ಅಂದು ನ್ಯಾಯಾಲಯದಲ್ಲಿ ಹೆದರಿ ಕೂತಿದ್ದೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.