ಮೂವತ್ತೆಂಟನೇ ನಿಮಿಷದ ಏಟು

ಐವತ್ತೆರಡನೇ ವಯಸ್ಸಿನಲ್ಲಿ ಸಂಗೀತ ರಚನಕಾರನ ದೊಡ್ಡ ಕೃತಿಯೊಂದು ಕೊನೆಗೂ ವೇದಿಕೆ ಹತ್ತುವುದರಲ್ಲಿತ್ತು. ಅಲ್ಲಿಯವರೆಗೆ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಸಂಗೀತ ಮಾತ್ರ ಊರಿಗೆಲ್ಲ ಗೊತ್ತಿತ್ತು. ಬ್ಯಾಂಕಿಗೆ ಫೋನ್ ಮಾಡಿ ‘ದಯವಿಟ್ಟು ಕಾಯಿರಿ’ ಅನ್ನಿಸಿಕೊಂಡವರ ಕಿವಿಗೆ ಬೀಳುತ್ತಿದ್ದ ಪಿಟೀಲು ಅವನದೇ. ಅಷ್ಟು ಜನ ಕೇಳಿದ, ಅಷ್ಟೂ ಜನ ಹಲ್ಲು ಕಡಿಯುತ್ತಲೇ ಕೇಳಿದ ರಚನೆ ಇನ್ನೊಂದಿರಲಾರದು.

ಹೊಸ ಕೃತಿ ನಲವತ್ತೊಂದು ನಿಮಿಷದ್ದು, ಅರವತ್ತು ವಾದಕರಿಗಾಗಿ ಬರೆದದ್ದು. ಅದರ ಮೂವತ್ತೆಂಟನೇ ನಿಮಿಷದಲ್ಲಿ ಜೋಡಿ ಕಂಚಿನ ತಟ್ಟೆಗಳನ್ನು ಒಂದಕ್ಕೊಂದು ಅಪ್ಪಳಿಸುವ ಒಂದೇ ಒಂದು ಏಟಿತ್ತು. ಅದನ್ನು ಬರೆದದ್ದು ಬಾಮೈದನಿಗಾಗಿ. ವಾದ್ಯವೃಂದದಲ್ಲಿ ತಟ್ಟೆ ಬಾರಿಸುವ ಬಾಮೈದ ಏಳು ತಿಂಗಳು ಭಾವನ ಹಸ್ತಪ್ರತಿಯನ್ನು ಬಗಲಲ್ಲಿಟ್ಟುಕೊಂಡು ನಿರ್ದೇಶಕಿಯ ಬೆನ್ನು ಬಿದ್ದಿರದಿದ್ದರೆ ಕೃತಿ ಬೀರುವಿನಲ್ಲೇ ಗೆದ್ದಲಿಗೆ ಊಟವಾಗುತ್ತಿತ್ತು. ಆ ಉಪಕಾರಕ್ಕೆ ಪ್ರತಿಯಾಗಿ ಕೊಡಲು ರಚನಕಾರನ ಬಳಿ ಇದ್ದದ್ದು ನಾದ ಮಾತ್ರ. ಅದರಲ್ಲೇ ಒಂದು ತುಣುಕು ಕೊಟ್ಟ.

ಕೊನೆಯ ತಾಲೀಮು ಮುಗಿದ ಮೇಲೆ ನಿರ್ದೇಶಕಿ ಅವನನ್ನು ಪಕ್ಕಕ್ಕೆ ಕರೆದರು.

“ಎಲ್ಲಾ ಚೆನ್ನಾಗಿದೆ. ಆ ತಟ್ಟೆ ಏಟು ಮಾತ್ರ, ಮಗೂನ ಹಾಡಿ ಮಲಗಿಸಿ ಬಾಗಿಲು ದಢಾರಂತ ಹಾಕ್ಕೊಂಡು ಹೋದ ಹಾಗಿದೆ. ಅದರ ಹಿಂದೇನೇ ಬರೋ ಕೊಳಲು ಕೇಳಿಸೋದೇ ಇಲ್ಲ. ಇರಲೋ ಬೇಡವೋ, ನಾಳೆ ಬೆಳಿಗ್ಗೆ ಹೇಳಿಬಿಡಿ.”

ಅದು ನಿಜವೆಂದು ಅವನಿಗೆ ಬರೆಯುವಾಗಲೇ ಗೊತ್ತಿತ್ತು. ಇಡೀ ಕೃತಿ ನಡೆದು ಬಂದದ್ದೇ ಆ ಕೊಳಲಿನತ್ತ.

“ತೆಗೀರಿ, ಯಾರು ಬೇಡ ಅಂದ್ರು?” ಎಂದಳು ಹೆಂಡತಿ, ಆ ರಾತ್ರಿ ಮನೆಯಲ್ಲಿ ಬಟ್ಟೆ ಮಡಿಸುತ್ತ. “ನನ್ನ ತಮ್ಮನಿಗೆ ಮಾತ್ರ ನೀವೇ ಹೇಳಿ. ಒಂಬೈನೂರ ಹನ್ನೆರಡು ಆವರ್ತ ಎಣಿಸಿ ಹೊಡೀಬೇಕಂತೆ, ಮೂರು ವಾರದಿಂದ ಅದೇ ಜಪ. ಮೊನ್ನೆ ಊಟಕ್ಕೆ ಕೂತಾಗ ಉಪ್ಪು ಕೊಡೋ ಅಂದ್ರೆ ‘ಆರುನೂರ ಹದಿನೇಳು’ ಅಂದ. ಅಮ್ಮ ಬೇರೆ ಮುಂದಿನ ಸಾಲಲ್ಲೇ ಕೂರಿಸಿ ಅಂತ ಹಟ ಹಿಡಿದಿದಾಳೆ.”

ಬೆಳಿಗ್ಗೆ ಸಭಾಂಗಣದಲ್ಲಿ ಬಾಮೈದ ಒಬ್ಬನೇ ತಟ್ಟೆ ಒರೆಸುತ್ತ ಕೂತಿದ್ದ. ರಚನಕಾರ ಹವಾಮಾನದಿಂದ ಆರಂಭಿಸಿ, ಕುರ್ಚಿಗಳ ಗುಣಮಟ್ಟವನ್ನು ದಾಟಿ, ಬಾಮೈದನ ಮಂಡಿನೋವಿಗೆ ಬಂದು ನಿಂತ.

“ಭಾವ, ನಿಮ್ಮ ಕೃತಿಯ ಎರಡನೇ ಭಾಗದ ಹಾಗೆ ಸುತ್ತಬೇಡಿ. ಏಟು ತೆಗೀತಿದೀರಿ ತಾನೆ?”

“ಯಾರು ಹೇಳಿದ್ರೋ?”

“ಅಕ್ಕ. ನೀವು ಚಪ್ಪಲಿ ಮೆಟ್ಟೋದ್ರೊಳಗೆ ಫೋನ್ ಬಂತು.”

ರಚನಕಾರ ತಲೆ ತಗ್ಗಿಸಿದ. ಬಾಮೈದ ತಟ್ಟೆಯ ಅಂಚನ್ನು ಇನ್ನೊಂದು ಸುತ್ತು ಒರೆಸಿದ.

“ಎರಡನೇ ತಾಲೀಮಲ್ಲಿ ನನಗೆ ಎಣಿಕೆ ತಪ್ಪಿಹೋಯ್ತು. ಹೊಡೀಲೇ ಇಲ್ಲ. ನೀವು ಓಡಿಬಂದು ‘ಏಟು ಅಂದ್ರೆ ಇದು ಕಣೋ!’ ಅಂತ ಬೆನ್ನು ತಟ್ಟಿದ್ರಿ.”

ರಚನಕಾರನ ಕಿವಿ ಕೆಂಪಾಯಿತು. ಏನೇ ಆಗಲಿ ಹೊಗಳಲೇಬೇಕೆಂದು ತೀರ್ಮಾನಿಸಿಕೊಂಡು ಹೋಗಿದ್ದ. ಆ ಭರದಲ್ಲಿ ಕೇಳಿಸಿಕೊಳ್ಳುವುದು ಮರೆತಿತ್ತು.

“ಆಗಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ತೆಗೆದುಬಿಡ್ತಿದ್ರಿ. ಇಪ್ಪತ್ತು ವರ್ಷದಲ್ಲಿ ನನಗೋಸ್ಕರ ಅಂತ ಯಾರಾದ್ರೂ ಬರೆದದ್ದು ಅದೊಂದೇ ಅಲ್ವಾ, ಭಾವ.”

ರಚನಕಾರ ಬಾಮೈದನ ಸ್ವರಲಿಪಿಯ ಹಾಳೆಯನ್ನು ಎಳೆದುಕೊಂಡು ಏಟಿನ ಗುರುತನ್ನು ರಬ್ಬರಿನಿಂದ ಅಳಿಸಿದ. ಅದೇ ಜಾಗದಲ್ಲಿ ಪೆನ್ಸಿಲಿನಿಂದ ಬರೆದ: ‘ಎದ್ದು ನಿಲ್ಲಬೇಕು. ತಟ್ಟೆ ಎತ್ತಬೇಕು. ಹೊಡೆಯಬಾರದು.’

ಬಾಮೈದ ಎರಡು ಸಲ ಓದಿದ. “ಇದಕ್ಕೂ ಎಣಿಸಬೇಕಾ?”

“ಒಂದೂ ತಪ್ಪಬಾರದು.”

“ಏಟಿಗಿಂತ ಕಷ್ಟದ್ದು ಕೊಟ್ರಲ್ಲ!” ಎಂದು ಗೊಣಗಿದವನು ಆಗಲೇ ಒಂದರಿಂದ ಶುರುಮಾಡಿದ್ದ.

ಸಂಜೆ ಸಭಾಂಗಣ ತುಂಬಿತ್ತು. ಮೂವತ್ತೆಂಟನೇ ನಿಮಿಷಕ್ಕೆ ಸರಿಯಾಗಿ ಬಾಮೈದ ಎದ್ದು ನಿಂತ. ತಟ್ಟೆಗಳು ದೀಪದ ಬೆಳಕಿಗೆ ಏರಿ, ಒಂದಕ್ಕೊಂದು ಮುಖಮಾಡಿ, ಗೇಣು ದೂರದಲ್ಲಿ ನಿಂತುಬಿಟ್ಟವು. ಇಡೀ ಸಭೆ ಉಸಿರು ಬಿಗಿಹಿಡಿಯಿತು. ಆ ನಿಶ್ಶಬ್ದದೊಳಗಿಂದ ಕೊಳಲು ಎದ್ದುಬಂತು, ಕೂದಲೆಳೆಯಷ್ಟು ಸಣ್ಣಗೆ, ಕೊನೆಯ ಸಾಲಿಗೂ ಕೇಳುವಷ್ಟು ಸ್ಪಷ್ಟವಾಗಿ.

ರಚನಕಾರನ ಪಕ್ಕದಲ್ಲಿ ಅತ್ತೆ ಎರಡೂ ಕಿವಿಗೆ ಬೆರಳಿಟ್ಟು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು. ಕೊಂಚ ಹೊತ್ತಾದ ಮೇಲೆ ಒಂದು ಬೆರಳು ತೆಗೆದು ಪಿಸುಗುಟ್ಟಿದರು. “ಆಯ್ತಾ?”

“ಆಯ್ತು ಅತ್ತೆ.”

“ಸದ್ಯ. ಮನೇಲಿ ಹೊಡೆದಾಗೆಲ್ಲ ಎದೆ ಝಲ್ ಅಂತಿತ್ತು. ಈಗ ಹದ ಸಿಕ್ಕಿದೆ ಹುಡುಗನಿಗೆ.”