ಇರುವೆ ಬಾರದ ಮುಂಜಾನೆ

ರಜಾಕಾರರ ಭಯಕ್ಕೆ ಹಲಬರ್ಗಾದ ಮಂದಿ ಹೊತ್ತು ಮುಳುಗುವ ಮುಂಚೆಯೇ ಅಗಳಿ ಹಾಕುತ್ತಿದ್ದ ಕಾಲ. ವೈದ್ಯ ಹಾವಗೆಪ್ಪನಿಗೆ ಅದರ ಮೇಲೆ ಹೆಂಡತಿ ಈರಮ್ಮನ ಸಕ್ಕರೆ ಕಾಯಿಲೆಯ ಚಿಂತೆ. ನೆಲ್ಲಿಕಾಯಿ ರಸ ಕುಡಿಸಿ ಸೋತಿದ್ದ. ಈಗ ನೇರಳೆ ಹಣ್ಣಿನ ರಸ ಕುಡಿಸುತ್ತಿದ್ದ. ಹಿತ್ತಿಲಲ್ಲಿ ಅವಳು ಮೂತ್ರ ಮಾಡಿದಲ್ಲಿ ಇರುವೆ ಮುತ್ತಿದರೆ ಕಾಯಿಲೆ ಇಳಿದಿಲ್ಲವೆಂದೇ ಅವನ ಪರೀಕ್ಷೆ.

ಅಂದು ಬೆಳಿಗ್ಗೆ ಹಿತ್ತಿಲ ಗೋಡೆಯ ಬುಡ ಒದ್ದೆಯಾಗಿತ್ತು. ಒಂದು ಇರುವೆಯೂ ಇರಲಿಲ್ಲ. ಹಾವಗೆಪ್ಪ ಹಿಗ್ಗಿ ಒಳಗೆ ಓಡಿದ.

"ಈರಮ್ಮ, ನೇರಳಿ ಗೆದ್ದದ! ಇರಬಿ ಒಂದೂ ಬಂದಿಲ್ಲ!"

ಈರಮ್ಮನ ಮುಖ ಬಿಳಿಚಿತು.

"ಸಾವಕಾಶ ಮಾತಾಡ್ರಿ," ಎಂದು ಪಿಸುಗುಟ್ಟಿದಳು. "ಅಂಜಿಕಿಗಿ ನಾ ನಿನ್ನಿ ಸಂಜಿಯಿಂದ ಹೊರಗ ಹೋಗೇ ಇಲ್ಲರಿ. ಅಲ್ಲಿ ಬಂದು ನಿಂತು ಉಚ್ಚಿ ಹೊಯ್ದವರು ಯಾರು?"

ಹಾವಗೆಪ್ಪ ತಿರುಗಿ ನೋಡಿದ. ಹಿತ್ತಿಲ ಬಾಗಿಲನ್ನು ಅವನು ತೆರೆದಿಟ್ಟೇ ಬಂದಿದ್ದ.