ಇಲ್ಲದ ತಾರೀಕಿನ ಚೌಕ

ನಮ್ಮ ಪತ್ರಿಕೆಯ ಎರಡನೇ ಪುಟದ ಮೂಲೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂಬ ಪುಟ್ಟ ಚೌಕ ಬರುತ್ತದಲ್ಲ, ಇಪ್ಪತ್ತೆರಡು ವರ್ಷಗಳಿಂದ ಅದನ್ನು ಬರೆಯುತ್ತಿರುವವಳು ನಾನು. ದಿನಕ್ಕೊಂದರಂತೆ ಮುನ್ನೂರ ಅರವತ್ತಾರು ಕಾರ್ಡು ಮಾಡಿ, ಮರದ ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿದ್ದೇನೆ. ಎರಡು ಪುಸ್ತಕಗಳಲ್ಲಿ ನೋಡದೆ ಯಾವ ಸಂಗತಿಯನ್ನೂ ಕಾರ್ಡಿಗೆ ಏರಿಸಿದವಳಲ್ಲ. ಆ ವಿಷಯದಲ್ಲಿ ನಾನು ಸ್ವಲ್ಪ ಜಂಬದವಳೇ ಅನ್ನಿ.

ಫೆಬ್ರವರಿ ಮೂರನೇ ವಾರ ಸಂಪಾದಕರು ಕರೆದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಮಾತ್ರ ಭಾರಿ.

“ಹಾಸಿಗೆ ಅಂಗಡಿಯವರು ಆ ಜಾಗ ಕೇಳ್ತಿದ್ದಾರೆ ಮೇಡಂ. ನಿಮ್ಮ ಚೌಕಾನ ಯಾರು ಓದ್ತಾರೆ ಹೇಳಿ?”

“ಓದ್ತಾರೆ ಸರ್.”

“ಹಾಗಾದ್ರೆ ಮಾರ್ಚ್ ಒಂದರ ತನಕ ನೋಡೋಣ. ಅದು ಬೇಕು ಅಂತ ಒಬ್ಬರಾದ್ರೂ ಫೋನ್ ಮಾಡಿದ್ರೆ ಇರಲಿ. ಇಲ್ಲಾಂದ್ರೆ ನಿಲ್ಲಿಸಿಬಿಡೋಣ.”

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಅತ್ತೆಯ ಹತ್ತಿರ ಹೇಳಿಕೊಂಡೆ.

“ನಾನೇ ಫೋನ್ ಮಾಡಿಬಿಡ್ಲೇನೇ?” ಎಂದರು ಅತ್ತೆ.

“ಸುಮ್ನಿರಿ ಅತ್ತೆ. ನಿಮ್ಮ ದನಿ ಇಡೀ ಆಫೀಸಿಗೇ ಗೊತ್ತು.”

ದಿನಗಳು ಉರುಳಿದವು. ಒಂದು ಫೋನೂ ಇಲ್ಲ. ಇಪ್ಪತ್ತೆಂಟನೇ ತಾರೀಕು ಮಧ್ಯಾಹ್ನ, ಆ ಸಿಟ್ಟನ್ನು ಇನ್ನೆಲ್ಲಿ ತೋರಿಸಲಿ, ಡಬ್ಬಿ ಎಳೆದು ಕಾರ್ಡುಗಳ ಧೂಳನ್ನೆಲ್ಲ ಕೊಡವಿದೆ. ಮತ್ತೆ ಸಾಲಾಗಿ ನಿಲ್ಲಿಸಿ, ಮರುದಿನದ ಕಾರ್ಡು ತೆಗೆದು ಬರೆದುಕೊಟ್ಟು ಬಂದೆ. ಇದೇ ಕೊನೆಯ ಚೌಕ ಅನ್ನಿಸಿ ಕಣ್ಣು ಮಂಜಾಗಿತ್ತು.

ಬೆಳಿಗ್ಗೆ ಅತ್ತೆ ಪತ್ರಿಕೆ ಹಿಡಿದು ಅಡುಗೆಮನೆಗೆ ಬಂದರು. “ಅಲ್ವೇ, ಈ ವರ್ಷ ಫೆಬ್ರವರಿ ಇಪ್ಪತ್ತೊಂಬತ್ತು ಯಾವಾಗ ಬಂತೇ?”

ಅವರ ಕೈಯಿಂದ ಪತ್ರಿಕೆ ಕಸಿದುಕೊಂಡು ನೋಡಿದೆ. ಅಧಿಕ ವರ್ಷವಲ್ಲದಿದ್ದರೆ ಇಪ್ಪತ್ತೊಂಬತ್ತರ ಕಾರ್ಡನ್ನು ನಾನು ತಲೆಕೆಳಗಾಗಿ ನಿಲ್ಲಿಸಿರುತ್ತೇನೆ, ಕೈ ಅದನ್ನು ದಾಟಿ ಹೋಗಲಿ ಎಂದು. ಧೂಳು ಕೊಡವಿದ ಭರದಲ್ಲಿ ಅದನ್ನೂ ನೆಟ್ಟಗೆ ನಿಲ್ಲಿಸಿದ್ದೆ. ಮಾರ್ಚ್ ಒಂದರ ಪತ್ರಿಕೆಯಲ್ಲಿ, ‘ಫೆಬ್ರವರಿ 29’ ಎಂಬ ತಲೆಬರಹದ ಕೆಳಗೆ, 1504ರಲ್ಲಿ ಕೊಲಂಬಸ್ ಜಮೈಕಾದ ಜನರನ್ನು ಚಂದ್ರಗ್ರಹಣದ ಹೆಸರಿನಲ್ಲಿ ಹೆದರಿಸಿ ಊಟ ಗಿಟ್ಟಿಸಿಕೊಂಡ ಕಥೆ ಕೂತಿತ್ತು. ಇಪ್ಪತ್ತೆರಡು ವರ್ಷ ಕಾಪಾಡಿಕೊಂಡ ಮರ್ಯಾದೆ ಒಂದೇ ದಿನಕ್ಕೆ ಮಣ್ಣುಪಾಲು.

ಆಫೀಸಿಗೆ ಹೋದರೆ ಸಂಪಾದಕರ ಮೇಜಿನ ಫೋನಿಗೆ ಬಿಡುವೇ ಇಲ್ಲ. “ಕ್ಯಾಲೆಂಡರ್ ಕೊಳ್ಳೋಕೆ ದುಡ್ಡಿಲ್ವಾ?” ಎಂದು ಒಬ್ಬರು, “ನನ್ನ ಸಂಬಳಕ್ಕೂ ಒಂದು ದಿನ ಸೇರಿಸ್ತಾರಾ ಕೇಳಿ” ಎಂದು ಇನ್ನೊಬ್ಬರು. ನಲವತ್ತು ಫೋನು ಆದ ಮೇಲೆ ನಾನು ಎಣಿಸುವುದನ್ನು ಬಿಟ್ಟೆ.

“ಓದ್ತಾರೆ ಅಂದೆನಲ್ಲ ಸರ್,” ಎಂದೆ, ತಲೆ ತಗ್ಗಿಸಿಕೊಂಡೇ.

“ಬೈಯೋಕೆ ಮಾಡಿದ ಫೋನು ಲೆಕ್ಕಕ್ಕಿಲ್ಲ ಮೇಡಂ. ಬೇಕು ಅಂತ ಯಾರಂದ್ರು?”

ಅಷ್ಟರಲ್ಲಿ ಮತ್ತೆ ಫೋನ್ ಬಂತು. ‘ಇದನ್ನೂ ಕೇಳಿ’ ಎನ್ನುವ ಹಾಗೆ ಅವರು ಸ್ಪೀಕರ್ ಒತ್ತಿದರು. ವಯಸ್ಸಾದವರ ದನಿ.

“ನಾನು ಬೀಗ ರಿಪೇರಿ ಮಾಡೋನು ಸ್ವಾಮಿ. ಹುಟ್ಟಿದ್ದು ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ. ನಾಲ್ಕು ವರ್ಷಕ್ಕೊಂದು ಸಲ ನನ್ನ ದಿನ ಬರೋದು. ಮುಂದಿನ ಸಲದ ತನಕ ಇರ್ತೀನೋ ಇಲ್ವೋ ಅಂತ ಡಾಕ್ಟ್ರೂ ಹೇಳ್ತಾ ಇಲ್ಲ. ಇವತ್ತು ಬೆಳಿಗ್ಗೆ ಪೇಪರ್ ಬಿಡಿಸಿದ್ರೆ ನನ್ನ ದಿನ ಬಂದುಬಿಟ್ಟಿದೆ! ಮಕ್ಕಳೆಲ್ಲ ಬಂದಿದ್ದಾರೆ, ಮೊಮ್ಮಕ್ಕಳು ಹಾಡಿದ್ರು. ಆ ಮೂಲೇಲಿ ಬರೆಯೋರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ತಪ್ಪು ಬಂತು ಅಂತ ಅದನ್ನ ಮಾತ್ರ ನಿಲ್ಲಿಸಬೇಡಿ ಸ್ವಾಮಿ.”

ಸಂಪಾದಕರು ಫೋನ್ ಇಟ್ಟು ನನ್ನ ಕಡೆ ತಿರುಗಿದರು.

“ನಾಳೆಗೆ ತಿದ್ದುಪಡಿ ಬರೆದುಕೊಡಿ.”

“ಎಲ್ಲಿಗೆ ಸರ್? ನಾಳೆಯಿಂದ ಅಲ್ಲಿ ಹಾಸಿಗೆ ಬರುತ್ತಲ್ಲ.”

“ಹಾಸಿಗೆ ಬೇರೆ ಪುಟದಲ್ಲಿ ಬಿದ್ಕೊಳ್ಳಲಿ ಬಿಡಿ. ನಿಮ್ಮ ಚೌಕ ಇದ್ದಲ್ಲೇ ಇರುತ್ತೆ.”

ನನ್ನ ಮೇಜಿಗೆ ಬಂದು ಪೆನ್ನು ಹಿಡಿದೆ. ‘ನಿನ್ನೆ ಈ ಚೌಕದಲ್ಲಿ ತಾರೀಕು ತಪ್ಪಾಗಿ ಅಚ್ಚಾಗಿದೆ. ಇದಕ್ಕಾಗಿ ವಿಷಾದಿಸುತ್ತೇವೆ.’ ಕೊನೆಯ ಪದ ಬರೆಯುವಾಗ ನಗು ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಗೊತ್ತಿದ್ದೂ ಅಚ್ಚಿಗೆ ಕೊಟ್ಟ ಮೊದಲ ಸುಳ್ಳು ಅದು.